ಶಾಸನಸಭೆಯಲ್ಲಿ ಗೋಖಲೆಯವರು: ಒಂದು ಸೋತ ಮಸೂದೆಯ ವೃತ್ತಾಂತ

ಗೃಹಸ್ಥನಾದವನು ತಿಂಗಳ ಕೊನೆಯಲ್ಲಿ ಜಮಾಖರ್ಚಿನ ಪುಸ್ತಕವನ್ನು ಬಿಚ್ಚಿ ನೋಡುವುದು ಲೋಕರೂಢಿಯಷ್ಟೆ. ಹಾಲಿನವನಿಗೆ ಕೊಟ್ಟ ಕಾಸಿಗೂ ಲೆಕ್ಕವಿಡುವ ನಾವು, ನಮ್ಮ ಹೆಸರಿನಲ್ಲಿ ಶಾಸನಸಭೆಗೆ ಹೋಗಿ ಕುಳಿತವರು ಅಲ್ಲಿ ಏನನ್ನು ಕೇಳಿದರು, ಯಾವ ಮಸೂದೆಯನ್ನು ತಂದರು, ಯಾವುದಕ್ಕೆ ಮತವಿತ್ತರು ಎಂಬ ಲೆಕ್ಕವನ್ನು ಕೇಳುವುದು ಮಾತ್ರ ಅಪೂರ್ವ. ವೇದಿಕೆಯ ಭಾಷಣವು ಗಾಳಿಗೆ ಹೋಗುತ್ತದೆ; ಸಭೆಯ ನಡವಳಿಯಲ್ಲಿ ಬಿದ್ದ ಅಕ್ಷರವು ಉಳಿಯುತ್ತದೆ. ಅಂತಹ ದಾಖಲೆಯನ್ನು ಹೇಗೆ ಓದಬೇಕೆಂಬುದಕ್ಕೆ ಗೋಪಾಲಕೃಷ್ಣ ಗೋಖಲೆಯವರ ಶಾಸನಸಭಾ ಜೀವನವು ಉತ್ತಮ ನಿದರ್ಶನ.

ಗೋಖಲೆಯವರು 1866ನೆಯ ಇಸವಿ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕಿನಲ್ಲಿ ಹುಟ್ಟಿದರು. 1884ರಲ್ಲಿ ಪದವೀಧರರಾಗಿ, 1902ರವರೆಗೆ ಪುಣೆಯಲ್ಲಿ ಅಧ್ಯಾಪಕ ವೃತ್ತಿಯಲ್ಲಿದ್ದರು. 1899ರಲ್ಲಿ ಮುಂಬಯಿ ಶಾಸನಸಭೆಯ ಸದಸ್ಯರಾದರು. 1901ರಲ್ಲಿ ರೈತರ ಭೂಮಿಗೆ ಸಂಬಂಧಿಸಿದ ಮಸೂದೆಯೊಂದನ್ನು ಸರಕಾರವು ಹಟದಿಂದ ನಡೆಸಲು, ಫಿರೋಜ್‌ಷಾ ಮೆಹ್ತಾ ಅವರೊಡನೆ ಸಭೆಯನ್ನು ಬಿಟ್ಟು ಹೊರನಡೆದರು. 1902ರಿಂದ 1915ನೆಯ ಫೆಬ್ರವರಿ 19ರಂದು ತೀರಿಕೊಳ್ಳುವವರೆಗೂ ವೈಸರಾಯರ ಶಾಸನಸಭೆಯಲ್ಲಿದ್ದರು.

ಆ ಸಭೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಮೊದಲ ವರ್ಷಗಳಲ್ಲಿ ಸದಸ್ಯರು ಆಯವ್ಯಯದ ಮೇಲೆ ಮಾತನಾಡಬಹುದಾಗಿತ್ತೇ ಹೊರತು ಮತ ಕೊಡುವಂತಿರಲಿಲ್ಲ. 1909ರ ಸುಧಾರಣೆಯ ಮೇಲೆ ಠರಾವುಗಳನ್ನು ಮಂಡಿಸುವ ಅಧಿಕಾರ ಬಂದಿತು. ಆದರೆ ಅಧಿಕಾರಿಗಳ ಬಹುಮತವು ಹಾಗೆಯೇ ಉಳಿಯಿತು. ಆದಕಾರಣ ಇಲ್ಲಿ ಗೆಲುವನ್ನೇ ಎಣಿಸುವವನಿಗೆ ಎಣಿಸತಕ್ಕುದು ಬಹಳವಿಲ್ಲ.

ಆದರೂ ಮಾತು ವ್ಯರ್ಥವಾಗಲಿಲ್ಲ. 1902ರ ಮಾರ್ಚಿನ ಮೊದಲ ಆಯವ್ಯಯ ಭಾಷಣದಲ್ಲಿಯೇ ಅವರು ಸರಕಾರದ ಅಂಕಿಗಳನ್ನೇ ಹಿಡಿದು, ಬೊಕ್ಕಸದ ಉಳಿತಾಯವು ಪ್ರಜೆಗಳ ಸುಖಕ್ಕೆ ಗುರುತಲ್ಲವೆಂದು ವಾದಿಸಿದರು. ಬಡವನ ಗಂಜಿಗೂ ಬೇಕಾದ ಉಪ್ಪಿನ ಮೇಲಿನ ತೆರಿಗೆಯನ್ನು ಇಳಿಸಬೇಕೆಂದು ವರ್ಷ ವರ್ಷವೂ ಕೇಳಿದರು. ಮಣವೊಂದಕ್ಕೆ ಎರಡೂವರೆ ರೂಪಾಯಿಯಿದ್ದ ಆ ತೆರಿಗೆಯು 1903ರಲ್ಲಿ ಎರಡು, 1905ರಲ್ಲಿ ಒಂದೂವರೆ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು. ಇದು ಅವರೊಬ್ಬರಿಂದಲೇ ಆಯಿತೆನ್ನುವುದು ಅತಿಶಯೋಕ್ತಿ. ಅವರ ಪಟ್ಟಿಗೆ ಇದರಲ್ಲಿ ಪಾಲಿಲ್ಲವೆನ್ನುವುದು ಅನ್ಯಾಯ.

ಕರಾರಿನ ಮೇಲೆ ನಮ್ಮ ಕೂಲಿಗಳನ್ನು ಸಮುದ್ರದಾಚೆಗೆ ಸಾಗಿಸುತ್ತಿದ್ದ ಪದ್ಧತಿಯ ವಿಷಯದಲ್ಲಿಯೂ ಹೀಗೆಯೇ. 1910ರ ಫೆಬ್ರವರಿ 25ರಂದು, ದಕ್ಷಿಣ ಆಫ್ರಿಕದ ನೇಟಾಲಿಗೆ ಇಂತಹ ಕೂಲಿಗಳನ್ನು ಕಳುಹಿಸಕೂಡದೆಂದು ಅವರು ತಂದ ಠರಾವನ್ನು ಸರಕಾರವು ಒಪ್ಪಿತು. 1911ರ ಜುಲೈ 1ರಿಂದ ಆ ಸಾಗಣೆ ನಿಂತಿತು. ಪದ್ಧತಿಯನ್ನೇ ಅಳಿಸಬೇಕೆಂದು 1912ರ ಮಾರ್ಚಿನಲ್ಲಿ ತಂದ ಠರಾವು 22ಕ್ಕೆ 33 ಮತಗಳಿಂದ ಬಿದ್ದುಹೋಯಿತು. ನಾಲ್ಕು ವರ್ಷಗಳ ಬಳಿಕ ಮದನಮೋಹನ ಮಾಳವೀಯರು ಅದೇ ಅಭಿಪ್ರಾಯವನ್ನು ಮಂಡಿಸಲು ಸರಕಾರವು ಒಪ್ಪಬೇಕಾಯಿತು. ಆಗ ಗೋಖಲೆಯವರು ಬದುಕಿರಲಿಲ್ಲ.

ದಾಖಲೆಯೆಂದ ಮೇಲೆ ಒಪ್ಪದ ಪುಟವನ್ನೂ ಓದತಕ್ಕುದೇ. 1910ರ ಪತ್ರಿಕಾ ಕಾಯಿದೆಯು ಮುದ್ರಣಾಲಯಗಳ ಕತ್ತನ್ನು ಹಿಸುಕುವಂಥದು. 1907ರಲ್ಲಿ ಸಭಾನಿರ್ಬಂಧದ ಮಸೂದೆಯನ್ನು ಎದುರಿಸಿದ್ದ ಗೋಖಲೆಯವರು ಇದನ್ನು ಮಾತ್ರ ಹಿಂಜರಿಯುತ್ತಲೇ ಬೆಂಬಲಿಸಿದರು. ಅವರ ಅಭಿಮಾನಿಗಳು ಈ ಪುಟವನ್ನು ಮಗುಚುವುದು ಸಹಜವಾದರೂ ಉಚಿತವಲ್ಲ.

ಇನ್ನು ಅವರ ಜೀವನದ ಮುಖ್ಯ ಮಸೂದೆಗೆ ಬರೋಣ. 1911ನೆಯ ಮಾರ್ಚಿ 16ರಂದು ಅವರು ಪ್ರಾಥಮಿಕ ವಿದ್ಯಾಭ್ಯಾಸದ ಮಸೂದೆಯನ್ನು ಸಭೆಯ ಮುಂದಿಟ್ಟರು. ಇದರಲ್ಲಿ ದುಡುಕೆಂಬುದು ಎಳ್ಳಷ್ಟೂ ಇರಲಿಲ್ಲ. ಎಲ್ಲಿ ಆಗಲೇ ಗೊತ್ತಾದ ಪ್ರಮಾಣದಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿರುವರೋ, ಅಲ್ಲಿಯ ಪುರಸಭೆಯಾಗಲಿ ಜಿಲ್ಲಾ ಬೋರ್ಡಾಗಲಿ ಸರಕಾರದ ಅನುಮತಿ ಪಡೆದು, ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯ ಮಾಡಬಹುದು. ಹೆಣ್ಣುಮಕ್ಕಳಿಗೆ ಮುಂದೆ ವಿಸ್ತರಿಸಬಹುದು. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ಆದಾಯದವರ ಮಕ್ಕಳಿಗೆ ಶುಲ್ಕವಿಲ್ಲ. ವೆಚ್ಚದಲ್ಲಿ ಎರಡು ಪಾಲು ಸರಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದು. ಬರೋಡೆಯ ಸಂಸ್ಥಾನದಲ್ಲಿ 1906ರಿಂದಲೇ ಕಡ್ಡಾಯ ಶಿಕ್ಷಣವು ಜಾರಿಯಲ್ಲಿದ್ದುದು ಅವರಿಗೆ ಬಲವಾದ ಆಧಾರವಾಗಿತ್ತು.

ಶಿಕ್ಷಣ ಖಾತೆಯ ಸರ್ ಹಾರ್ಕೋರ್ಟ್ ಬಟ್ಲರ್ ಅವರು ಸರಕಾರದ ಪರವಾಗಿ ವಿರೋಧಿಸಿದರು. ನಮ್ಮವರಲ್ಲಿಯೂ ಕೆಲವರು ಅವರೊಡನೆ ಸೇರಿದರು. 1912ರ ಮಾರ್ಚಿ 19ರಂದು, ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಬೇಕೆಂಬ ಸೂಚನೆಗೆ 13 ಮತಗಳು ಮಾತ್ರ ಬಂದುವು, ಎದುರಾಗಿ 38. ಸೋಲು ಖಚಿತವೆಂದು ತಮಗೆ ಮೊದಲೇ ತಿಳಿದಿತ್ತೆಂದೂ, ತಮ್ಮ ತಲೆಮಾರಿನವರು ಸೋಲುಗಳಿಂದಲೇ ದೇಶಸೇವೆ ಮಾಡಬೇಕಾಗಿದೆಯೆಂದೂ ಅವರು ಶಾಂತವಾಗಿ ಹೇಳಿದರು.

ಆ ಹದಿಮೂರು ಮತಗಳು ಏನಾದುವು? ಮರುವರ್ಷವೇ, 1913ರಲ್ಲಿ, ನಮ್ಮ ಮೈಸೂರು ಸಂಸ್ಥಾನವು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡುವ ನಿಬಂಧನೆಯನ್ನು ತಂದಿತು. ಆಗ ವಿಶ್ವೇಶ್ವರಯ್ಯನವರು ದಿವಾನರು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತವು ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಪಡೆಯಿತು. 1950ರ ಸಂವಿಧಾನವು ಹದಿನಾಲ್ಕು ವಯಸ್ಸಿನವರೆಗಿನ ಶಿಕ್ಷಣವನ್ನು ಹತ್ತು ವರ್ಷಗಳೊಳಗಾಗಿ ಸಾಧಿಸತಕ್ಕ ಗುರಿಯೆಂದಿತು. 2002ರ ತಿದ್ದುಪಡಿಯು ಅದನ್ನು ಹಕ್ಕೆಂದಿತು; ತತ್ಸಂಬಂಧದ ಕಾಯಿದೆಯು ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಸೋಲಿಗೂ ಈ ದಿನಕ್ಕೂ ನಡುವೆ ತೊಂಬತ್ತೆಂಟು ವರ್ಷ! ಅಷ್ಟರಲ್ಲಿ ಅಕ್ಷರ ಕಾಣದೆ ದನ ಕಾಯ್ದು ಮುದುಕರಾಗಿ ಸತ್ತ ಮಕ್ಕಳ ಲೆಕ್ಕವನ್ನು ಯಾವ ನಡವಳಿಯಲ್ಲಿಯೂ ಬರೆದಿಲ್ಲ. ಹಾಜರಿ ಪುಸ್ತಕವನ್ನು ಹಿಡಿದು ಆಯುಷ್ಯ ಕಳೆದ ನನ್ನಂತಹವನಿಗೆ ಆ 38ರ ಭಾರ ಚೆನ್ನಾಗಿ ತಿಳಿಯುತ್ತದೆ.

ಈಗಿನ ಪ್ರತಿನಿಧಿಗಳನ್ನು ಪರಿಶೀಲಿಸುವಾಗಲೂ ವಿವೇಕ ಬೇಕು. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಖಾಸಗಿ ಸದಸ್ಯರು ತಂದ ಮಸೂದೆಗಳಲ್ಲಿ ಕಾಯಿದೆಯಾದುವು 14 ಮಾತ್ರ, ಕೊನೆಯದು 1970ರದು. ಬಹುಪಾಲು ನಿರ್ಣಯಗಳು ಧ್ವನಿಮತದಿಂದ ಆಗುವುದರಿಂದ ಒಬ್ಬೊಬ್ಬರ ಮತವು ಬರೆಹಕ್ಕೆ ಸಿಕ್ಕುವುದಿಲ್ಲ. 1985ರ ಪಕ್ಷಾಂತರ ನಿಷೇಧದ ತರುವಾಯ, ಪಕ್ಷದ ಆಜ್ಞೆಯನ್ನು ಮೀರಿ ಮತವಿತ್ತವನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಿರುವಾಗ ಗೆದ್ದ ಮಸೂದೆಗಳನ್ನು ಎಣಿಸಿ ಒಬ್ಬನನ್ನು ಅಳೆಯುವುದು ಸಲ್ಲದು. ಸಭೆಗೆ ಎಷ್ಟು ದಿನ ಹೋದನು? ಯಾರ ಪರವಾಗಿ ಪ್ರಶ್ನೆ ಕೇಳಿದನು? ಸೋಲುವುದೆಂದು ಬಲ್ಲ ಯಾವ ಮಸೂದೆಯನ್ನಾದರೂ ನ್ಯಾಯವೆಂದು ಹೊತ್ತು ತಂದನೆ? ಮುಂದಿನ ಸಲ ಮತ ಕೇಳಲು ನಮ್ಮ ಜಗಲಿಗೆ ಬಂದವರನ್ನು ಈ ಮೂರು ಪ್ರಶ್ನೆಗಳನ್ನು ಕೇಳದೆ ಕಳುಹಿಸಬಾರದೆಂದು ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ವಿಜ್ಞಾಪನೆ.