ನಿಂತ ಹೃದಯ ಮತ್ತೆ ಬಡಿದ ಮೇಲೆ: ಮೊದಲ 72 ಗಂಟೆಗಳ ವಿಚಾರ

(ಸೊಲ್ಲಾಪುರ ಮತ್ತು ಅಕ್ಕಲಕೋಟ ಭಾಗದ ಕನ್ನಡ ಶಿಕ್ಷಕರು, ವಿದ್ಯಾರ್ಥಿಗಳಿಗಾಗಿ ನಡೆದ ಆನ್‌ಲೈನ್ ವಿಚಾರ ಸಂಕಿರಣದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಎಲ್ಲರಿಗೂ ಕೇಳಿಸ್ತಾ ಇದೆ ಅಂತ ಭಾವಿಸಿ ನೇರವಾಗಿ ವಿಷಯಕ್ಕೆ ಬರ್ತೀನಿ.

ಹೃದಯ ನಿಂತ ರೋಗಿಯ ನಾಡಿ ಮರಳಿ ಬಂದಾಗ ಐಸಿಯು ಹೊರಗೆ ಕೂತ ಮನೆಯವರು ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ. ಮೊದಲ ರಾತ್ರಿ, "ನಾಡಿ ಬಂದದಲ್ರಿ ಸಾಹೇಬ್ರ, ಇನ್ನ ಚಿಂತಿಲ್ಲಲ್ಲ?" ಅಂತ. ಮರುದಿನ ಎಕೋ ವರದಿ ನೋಡಿ, "ಹಾರ್ಟ್ ಬರೀ 25 ಪರ್ಸೆಂಟ್ ಕೆಲಸ ಮಾಡ್ಲಿಕ್ಕತ್ತದ ಅಂತಾರ, ಮನೀಗೆ ಕರ್ಕೊಂಡು ಹೋಗೋದ ಛಲೋ ಏನ್ರಿ?" ಅಂತ. ಮೊದಲನೆಯದು ಅವಸರದ ನೆಮ್ಮದಿ, ಎರಡನೆಯದು ಅವಸರದ ನಿರಾಶೆ. ಈ ಎರಡು ಪ್ರಶ್ನೆಗಳ ನಡುವೆ ಹೃದಯದ ಸ್ನಾಯುವಿನೊಳಗೆ ಏನು ನಡೆಯುತ್ತದೆ ಎಂಬುದೇ ಇವತ್ತಿನ ವಿಷಯ.

1. ಪದಗಳ ಗೊಂದಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಗಡಿ ಭಾಗದಲ್ಲಿ ಮರಾಠಿಯ ಪ್ರಭಾವದಿಂದ ಎಲ್ಲದಕ್ಕೂ "ಝಟಕಾ ಬಂತು" ಅಂದುಬಿಡ್ತೀವಿ. ಆದರೆ ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯತೊಡಗುವುದು ಹೃದಯಾಘಾತ. ಆಗ ರೋಗಿ ಸಾಮಾನ್ಯವಾಗಿ ಎಚ್ಚರ ಇರುತ್ತಾನೆ, ಮಾತಾಡುತ್ತಾನೆ, ಎದೆ ಹಿಡಿದುಕೊಳ್ಳುತ್ತಾನೆ. ಇಡೀ ಹೃದಯದ ಪಂಪ್ ನಿಂತುಹೋಗುವುದು ಹೃದಯ ಸ್ತಂಭನ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ, ಸರಿಯಾದ ಉಸಿರಾಟ ಇರುವುದಿಲ್ಲ. ಹೃದಯಾಘಾತವು ಸ್ತಂಭನಕ್ಕೆ ದೊಡ್ಡ ಕಾರಣ ಹೌದು, ಆದರೆ ಒಂದೇ ಕಾರಣ ಅಲ್ಲ. ಲಯದ ಜನ್ಮಜಾತ ದೋಷ, ಪೊಟ್ಯಾಸಿಯಮ್ ಏರುಪೇರು, ನೀರಲ್ಲಿ ಮುಳುಗುವುದು, ವಿದ್ಯುತ್ ಆಘಾತ, ಇವುಗಳಿಂದಲೂ ಹೃದಯ ನಿಲ್ಲಬಹುದು.

2. ನಿಂತಾಗ ಒಳಗೆ ಏನಾಗುತ್ತದೆ

ಹೃದಯದ ಪ್ರತಿ ಬಡಿತಕ್ಕೂ ಎರಡು ವಸ್ತು ಬೇಕು. ಒಂದು ಎಟಿಪಿ, ಅಂದರೆ ಜೀವಕೋಶದ ಇಂಧನ. ಇನ್ನೊಂದು ಕ್ಯಾಲ್ಸಿಯಂ. ಕ್ಯಾಲ್ಸಿಯಂ ಹೆಚ್ಚಾದಾಗ ಸ್ನಾಯು ಸಂಕುಚಿಸುತ್ತದೆ, ಅದನ್ನು ವಾಪಸ್ಸು ತುಂಬಿಟ್ಟಾಗ ಸಡಿಲಾಗುತ್ತದೆ. ಹೀಗೆ ವಾಪಸ್ಸು ತುಂಬಲಿಕ್ಕೂ ಎಟಿಪಿ ಬೇಕು. ಹೃದಯ ಸಡಿಲಾಗಲಿಕ್ಕೂ ಇಂಧನ ಖರ್ಚು ಮಾಡುತ್ತದೆ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಕ್ತ ನಿಂತ ಕೂಡಲೇ ಆಮ್ಲಜನಕ ನಿಲ್ಲುತ್ತದೆ, ಎಟಿಪಿ ತಯಾರಿಕೆ ಕುಸಿಯುತ್ತದೆ, ಜೀವಕೋಶದಲ್ಲಿ ಆಮ್ಲ ಶೇಖರವಾಗುತ್ತದೆ. ಈ ಆಮ್ಲವನ್ನು ಹೊರಹಾಕುವ ಪ್ರಯತ್ನದಲ್ಲಿ ಕೋಶ ಸೋಡಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಸೋಡಿಯಂ ಹೊರಹಾಕಲು ಹೋಗಿ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಹೃದಯ ಪೂರ್ತಿ ನಿಶ್ಚಲವಾಗದೆ ಕಂಪಿಸುತ್ತಿದ್ದರೆ, ಅಂದರೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಇದ್ದರೆ, ಇನ್ನೂ ಕಷ್ಟ. ಒಂದು ಹನಿ ರಕ್ತವನ್ನೂ ಮುಂದೆ ನೂಕದೆ ಅದು ಉಳಿದ ಇಂಧನವನ್ನು ಸುಡುತ್ತಾ ಹೋಗುತ್ತದೆ.

3. ರಕ್ತ ಮರಳಿದಾಗ ಆಗುವ ಹಾನಿ

ರಕ್ತ ಮರಳಿತು ಅಂದರೆ ಎಲ್ಲ ಸರಿಯಾಗಬೇಕು ಅಲ್ವಾ? ಇಲ್ಲೇ ಇರೋದು ವಿಚಿತ್ರ. ಸೊಲ್ಲಾಪುರದವರಿಗೆ ಪವರ್‌ಲೂಮ್ ಗೊತ್ತು. ಕರೆಂಟ್ ಹೋದಾಗ ಮಗ್ಗ ಅರ್ಧಕ್ಕೆ ನಿಲ್ಲುತ್ತದೆ. ಎಳೆ ಸಿಕ್ಕಿಕೊಂಡಿರುವಾಗಲೇ ಕರೆಂಟ್ ಒಮ್ಮೆಲೇ ಬಂದರೆ ಮಗ್ಗ ಎಳೆಗಳನ್ನೇ ಹರಿದುಕೊಳ್ಳುತ್ತದೆ. ಹೃದಯದ ಕೋಶದಲ್ಲೂ ಹೆಚ್ಚುಕಡಿಮೆ ಇದೇ ಆಗುತ್ತದೆ.

ಆಮ್ಲಜನಕ ಏಕಾಏಕಿ ಮರಳಿದಾಗ ಮೈಟೊಕಾಂಡ್ರಿಯಾಗಳಲ್ಲಿ ಉಗ್ರ ಆಮ್ಲಜನಕ ಕಣಗಳು ಹುಟ್ಟಿ ಪೊರೆಗಳನ್ನು ಸುಡುತ್ತವೆ. ಆಮ್ಲೀಯತೆ ಬೇಗ ಇಳಿಯುವುದರಿಂದ ಕ್ಯಾಲ್ಸಿಯಂ ಇನ್ನಷ್ಟು ಒಳನುಗ್ಗುತ್ತದೆ. ಇವೆರಡೂ ಸೇರಿ ಮೈಟೊಕಾಂಡ್ರಿಯಾದ ಪೊರೆಯಲ್ಲಿ ರಂಧ್ರ ತೆರೆದರೆ ಕೋಶ ಸಾಯುತ್ತದೆ. ತೆರೆಯದಿದ್ದರೆ ಬದುಕುತ್ತದೆ, ಆದರೆ ಪೆಟ್ಟು ತಿಂದ ಸ್ಥಿತಿಯಲ್ಲಿ. ಇದನ್ನೇ ಮರುಹರಿವಿನ ಹಾನಿ ಎನ್ನುತ್ತೇವೆ. ರಕ್ತ ಮರಳಿಸದೆ ಬೇರೆ ದಾರಿಯೇ ಇಲ್ಲ, ಆದರೆ ಮರಳಿದ ರಕ್ತಕ್ಕೂ ಒಂದು ಬೆಲೆ ಇದೆ.

ಹಾನಿ ಹೃದಯಕ್ಕೆ ಮಾತ್ರ ಸೀಮಿತವಲ್ಲ. ರಷ್ಯಾದ ವೈದ್ಯ ವ್ಲಾದಿಮಿರ್ ನೆಗೋವ್‌ಸ್ಕಿ 1970ರ ದಶಕದಲ್ಲೇ ಇದನ್ನು ಪುನಶ್ಚೇತನಾನಂತರದ ಕಾಯಿಲೆ ಎಂದು ಪ್ರತ್ಯೇಕವಾಗಿ ಗುರುತಿಸಿದರು. 2008ರಲ್ಲಿ ಅಂತಾರಾಷ್ಟ್ರೀಯ ಪುನಶ್ಚೇತನ ಸಂಸ್ಥೆಗಳು ಒಟ್ಟಾಗಿ ಅದರ ನಾಲ್ಕು ಭಾಗಗಳನ್ನು ಹೇಳಿದವು: ಮಿದುಳಿನ ಹಾನಿ, ಹೃದಯದ ದೌರ್ಬಲ್ಯ, ಇಡೀ ದೇಹದ ಉರಿಯೂತದಂಥ ಪ್ರತಿಕ್ರಿಯೆ, ಮತ್ತು ಹೃದಯವನ್ನು ನಿಲ್ಲಿಸಿದ ಮೂಲ ರೋಗ.

4. ಸತ್ತ ಸ್ನಾಯು ಮತ್ತು ಮಂಕಾದ ಸ್ನಾಯು

ಈಗ ಮುಖ್ಯ ಮಾತಿಗೆ ಬಂದೆವು. ದುರ್ಬಲವಾಗಿ ಬಡಿಯುವ ಸ್ನಾಯು ಎಲ್ಲವೂ ಸತ್ತ ಸ್ನಾಯು ಅಲ್ಲ.

1975ರಲ್ಲಿ ಹೈಂಡ್ರಿಕ್ಸ್ ಮತ್ತು ಸಂಗಡಿಗರು ನಾಯಿಗಳ ಹೃದಯನಾಳವನ್ನು ಸ್ವಲ್ಪ ಹೊತ್ತು ಕಟ್ಟಿ ಬಿಚ್ಚಿದರು. ಕಟ್ಟಿದ್ದು 15 ನಿಮಿಷದಷ್ಟೇ, ಆದರೆ ರಕ್ತ ಮರಳಿದ ಮೇಲೂ ಆ ಭಾಗ ಗಂಟೆಗಟ್ಟಲೆ ಸರಿಯಾಗಿ ಸಂಕುಚಿಸಲಿಲ್ಲ. ಸ್ನಾಯು ಸತ್ತಿರಲಿಲ್ಲ, ನಿಧಾನಕ್ಕೆ ಚೇತರಿಸಿಕೊಂಡಿತು. 1982ರಲ್ಲಿ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಈ ಸ್ಥಿತಿಗೆ ಸ್ಟನಿಂಗ್ ಎಂಬ ಹೆಸರನ್ನು ನೆಲೆಗೊಳಿಸಿದರು. ಏಟು ಬಿದ್ದವನು ಕಣ್ಣು ತೆರೆದೇ ಇದ್ದರೂ ಕೆಲಹೊತ್ತು ದಿಕ್ಕು ತೋಚದೆ ನಿಲ್ಲುತ್ತಾನಲ್ಲ, ಹಾಗೆ. ನಾನು ಕನ್ನಡದಲ್ಲಿ ಮಂಕಾದ ಸ್ನಾಯು ಅಂತೀನಿ.

ಮನುಷ್ಯರಲ್ಲಿ ಇದು ಹೇಗೆ? 2002ರಲ್ಲಿ ಪ್ಯಾರಿಸ್‌ನ ಲೋರಾಂ ಮತ್ತು ಸಂಗಡಿಗರು ಆಸ್ಪತ್ರೆಯ ಹೊರಗೆ ಹೃದಯ ನಿಂತು ಬದುಕಿ ಬಂದ 165 ರೋಗಿಗಳ ಅಧ್ಯಯನ ಪ್ರಕಟಿಸಿದರು. ರಕ್ತದೊತ್ತಡ ಕುಸಿದವರಲ್ಲಿ ಹೃದಯ ನೂಕುವ ರಕ್ತದ ಪ್ರಮಾಣ ಸುಮಾರು 8ನೇ ಗಂಟೆಯಲ್ಲಿ ತೀರಾ ಕೆಳಗಿತ್ತು. 24ನೇ ಗಂಟೆಯ ಹೊತ್ತಿಗೆ ಹೆಚ್ಚಿನವರಲ್ಲಿ ಸುಧಾರಿಸಿತು. 72 ಗಂಟೆಯೊಳಗೆ ಔಷಧಿಯ ಆಸರೆ ಬಿಡಿಸುವ ಮಟ್ಟಕ್ಕೆ ಬಂತು. 24 ಗಂಟೆಯಾದರೂ ಮೇಲೇಳದವರಲ್ಲಿ ಮಾತ್ರ ಹಲವು ಅಂಗಗಳು ಸೋತು ಸಾವು ಬೇಗ ಬಂತು.

ಹಾಗಾಗಿ ಮೊದಲ ದಿನದ ಎಕೋದಲ್ಲಿ ಎಜೆಕ್ಷನ್ ಫ್ರಾಕ್ಷನ್ ಶೇ. 25 ಅಂತ ಬಂದರೆ ಅದು ಆ ದಿನದ ಲೆಕ್ಕ. ಆರೋಗ್ಯವಂತ ಹೃದಯದಲ್ಲಿ ಅದು ಸಾಮಾನ್ಯವಾಗಿ ಶೇ. 55ರ ಮೇಲೆ ಇರುತ್ತದೆ. 25ರಲ್ಲಿ ಎಷ್ಟು ಪಾಲು ಮಂಕು, ಎಷ್ಟು ಪಾಲು ಶಾಶ್ವತ ಗಾಯ ಅನ್ನೋದು ಮೊದಲ ದಿನದ ಎಕೋದಿಂದ ತಿಳಿಯುವುದಿಲ್ಲ. ಸತ್ತ ಭಾಗ ಗಾಯದ ಕಲೆಯಾಗಿ ಉಳಿಯುತ್ತದೆ, ಅದು ಮರಳಿ ಸ್ನಾಯು ಆಗುವುದಿಲ್ಲ. ಮಂಕಾದ ಭಾಗ ಮರಳುತ್ತದೆ.

5. ಐಸಿಯುದಲ್ಲಿ ಮಾಡುವ ಕೆಲಸ

ಅಂದಮೇಲೆ ಐಸಿಯುದಲ್ಲಿ ವೈದ್ಯರು ಮಾಡುವುದನ್ನು ಒಂದು ಮಾತಲ್ಲಿ ಹೇಳಬೇಕಂದ್ರೆ: ಹೃದಯ ಎಚ್ಚೆತ್ತುಕೊಳ್ಳುವವರೆಗೆ ಕಾಲ ಕೊಡುವುದು. ಸರಾಸರಿ ರಕ್ತದೊತ್ತಡ 65ಕ್ಕಿಂತ ಕೆಳಗಿಳಿಯದಂತೆ ನಾರ್‌ಅಡ್ರಿನಲಿನ್, ಬೇಕಾದರೆ ಸಂಕೋಚನಕ್ಕೆ ಡೊಬುಟಮಿನ್ ಕೊಡುತ್ತಾರೆ. ಆಮ್ಲಜನಕವನ್ನು ಸಾಕಷ್ಟೇ ಕೊಡುತ್ತಾರೆ, ಅತಿಯಾದರೂ ಹಾನಿ ಅಂತ ಈಗಾಗಲೇ ನೋಡಿದೆವು. ಜ್ವರ ಏರಲು ಬಿಡುವುದಿಲ್ಲ. ಹಿಂದೆ ದೇಹವನ್ನು 33 ಡಿಗ್ರಿಗೆ ತಂಪು ಮಾಡುತ್ತಿದ್ದರು. 2021ರ ದೊಡ್ಡ ಅಧ್ಯಯನವೊಂದು, ಜ್ವರ ತಡೆದರೆ ಸಾಕು, ಅಷ್ಟು ತಂಪು ಮಾಡುವುದರಿಂದ ಹೆಚ್ಚು ಜನ ಬದುಕುವುದಿಲ್ಲ ಎಂದು ತೋರಿಸಿತು.

ಇಸಿಜಿಯಲ್ಲಿ ನಾಳ ಪೂರ್ತಿ ಕಟ್ಟಿದ ಲಕ್ಷಣವಿದ್ದರೆ ಆಂಜಿಯೊಗ್ರಫಿ ತಕ್ಷಣ ಆಗಬೇಕು. ಯಾಕಂದ್ರೆ ಮೂಲ ಕಾರಣ ಉಳಿದರೆ ಸ್ತಂಭನ ಮತ್ತೆ ಬರಬಹುದು. ಆ ಲಕ್ಷಣ ಇಲ್ಲದವರಲ್ಲಿ ತಕ್ಷಣ ಮಾಡಿದರೂ ಕೆಲ ದಿನ ತಡೆದು ಮಾಡಿದರೂ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2019ರ ನೆದರ್‌ಲ್ಯಾಂಡ್ಸ್ ಅಧ್ಯಯನ ಹೇಳಿದೆ.

6. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ 40 ಕಿ.ಮೀ.

ಹೃದಯ ಎಷ್ಟು ಮಂಕಾಗುತ್ತದೆ, ಎಷ್ಟು ಸಾಯುತ್ತದೆ ಅನ್ನೋದು ಬಹುಪಾಲು ತೀರ್ಮಾನವಾಗೋದು ಐಸಿಯು ಬಾಗಿಲಿಗೆ ಬರುವ ಮೊದಲೇ. ರಕ್ತ ಎಷ್ಟು ನಿಮಿಷ ನಿಂತಿತ್ತು ಅನ್ನೋದೇ ಮೂಲ ಲೆಕ್ಕ. ಎದೆ ಒತ್ತುವವರೇ ಇಲ್ಲದಿದ್ದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ ಅನ್ನೋದು ಸಾಮಾನ್ಯ ಅಂದಾಜು.

ಈಗ ನಮ್ಮ ಭೂಗೋಳ ನೋಡಿ. ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರ್. ದುಧನಿ, ಮೈಂದರ್ಗಿ, ನಾಗಣಸೂರು ಕಡೆಯವರಿಗೆ ಇನ್ನೂ ದೂರ. ಮಹಾರಾಷ್ಟ್ರದಲ್ಲಿ 2014ರಿಂದ 108 ಆಂಬುಲೆನ್ಸ್ ಇದೆ, ಗಡಿಯಾಚೆ ಕರ್ನಾಟಕದಲ್ಲೂ ಅದೇ ಸಂಖ್ಯೆ. ಆದರೆ ಅದು ಎಷ್ಟೇ ಬೇಗ ಬಂದರೂ ಮೊದಲ ಐದು ನಿಮಿಷ ಪಕ್ಕದಲ್ಲಿ ನಿಂತವರದ್ದು.

ಆ ಐದು ನಿಮಿಷದಲ್ಲಿ ಮಾಡಬೇಕಾದ್ದು ಸರಳ. ಕರೆದರೆ ಓಗೊಡದ, ಸರಿಯಾಗಿ ಉಸಿರಾಡದ ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುಸಿರು ಎಳೆಯುವುದು ಉಸಿರಾಟ ಅಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವಿನ ಮೂಳೆಯ ಕೆಳಭಾಗದ ಮೇಲೆ ಅಂಗೈ ಬುಡ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿನಷ್ಟು ಆಳ ಒತ್ತಲಿ. ದಣಿವಾದರೆ ಕೈ ಬದಲಿಸಲಿ, ನಿಲ್ಲಿಸಬಾರದು. ತರಬೇತಿ ಇಲ್ಲದವರು ಬಾಯಿಗೆ ಬಾಯಿಟ್ಟು ಉಸಿರು ಊದಬೇಕಾಗಿಲ್ಲ. ಭಾರತೀಯ ಪುನಶ್ಚೇತನ ತಜ್ಞರು ಜನಸಾಮಾನ್ಯರಿಗೆ ಎದೆ ಒತ್ತುವುದಷ್ಟನ್ನೇ ಕಲಿಸುವ ಕ್ರಮವನ್ನು 2017ರಲ್ಲಿ ಪ್ರಕಟಿಸಿದ್ದಾರೆ. ಹೀಗೆ ಒತ್ತುವುದರಿಂದ ಸಾಮಾನ್ಯ ಹರಿವಿನ ಒಂದು ಪಾಲಷ್ಟೇ ರಕ್ತ ಮಿದುಳಿಗೂ ಹೃದಯಕ್ಕೂ ಹೋಗುತ್ತದೆ. ಅಷ್ಟೇ ಸಾಕು, ಮಂಕು ಸಾವಾಗದಂತೆ ಅದು ತಡೆಹಿಡಿಯುತ್ತದೆ.

ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟಕ್ಕೆ ದಿನವೂ ಜನ ಬರುತ್ತಾರೆ. ಸೊಲ್ಲಾಪುರದಲ್ಲಿ ಜನವರಿಯ ಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಸೇರುತ್ತಾರೆ. ಇಂಥ ಜಾಗಗಳಲ್ಲಿ ಎದೆ ಒತ್ತಲು ಬಲ್ಲ ಸ್ವಯಂಸೇವಕರು, ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ಇರಬೇಕು. ನಮ್ಮ ಕನ್ನಡ ಶಾಲೆಗಳ ಮೇಲಿನ ತರಗತಿ ಮಕ್ಕಳೂ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು.

7. ಪ್ರಶ್ನೋತ್ತರ

ಪ್ರಶ್ನೆ (ಶಿಕ್ಷಕಿಯೊಬ್ಬರು): ಸರ್, ಹೃದಯ ಸುಧಾರಿಸಿತು, ಆದರೆ ರೋಗಿಗೆ ಎಚ್ಚರ ಬಂದಿಲ್ಲ ಅಂದ್ರೆ?

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ ಕೇಳಿದ್ರಿ ಮೇಡಂ. ಮಿದುಳು ಹೃದಯಕ್ಕಿಂತ ಸೂಕ್ಷ್ಮ. ಮೊದಲ ಮೂರು ದಿನದ ಸಾವಿಗೆ ಹೆಚ್ಚಾಗಿ ಹೃದಯ ಮತ್ತು ರಕ್ತಪರಿಚಲನೆಯ ವೈಫಲ್ಯ ಕಾರಣ, ಆಮೇಲಿನದಕ್ಕೆ ಹೆಚ್ಚಾಗಿ ಮಿದುಳಿನ ಹಾನಿ. ಹೃದಯ ಗೆದ್ದು ಮಿದುಳು ಸೋಲುವ ಸಂದರ್ಭ ಇದೆ, ಅದನ್ನು ಮುಚ್ಚಿಡಬಾರದು. ಆದರೆ ಅಲ್ಲಿಯೂ ಕೋಮಾದಲ್ಲಿರುವವರ ಭವಿಷ್ಯವನ್ನು ಕನಿಷ್ಠ 72 ಗಂಟೆ ಕಳೆಯದೆ, ಅದೂ ಒಂದೇ ಪರೀಕ್ಷೆಯಿಂದ ಹೇಳಬಾರದು ಅಂತಲೇ ಮಾರ್ಗಸೂಚಿಗಳಿವೆ. ನಿದ್ದೆಯ ಔಷಧಿಯ ಪ್ರಭಾವವೂ ಇಳಿದಿರಬೇಕು.

ಪ್ರಶ್ನೆ (ವಿದ್ಯಾರ್ಥಿ): ಖರ್ಚಿಗೆ ಅಂಜಿ ಎರಡನೇ ದಿನಕ್ಕೇ ಮನೀಗೆ ಒಯ್ತಾರಲ್ರಿ. ಅವರಿಗೆ ಏನು ಹೇಳೋದು?

ಉತ್ತರ: ಅವರನ್ನು ದೂರುವುದು ಬೇಡ. ಐಸಿಯು ಖರ್ಚು ಹೊಲ ಮಾರಿಸುವಂಥದ್ದು. ಆದರೆ ಎರಡನೇ ದಿನ ಅಂದರೆ ಹೃದಯ ಏಳುತ್ತದೋ ಇಲ್ಲವೋ ಅನ್ನೋದು ಇನ್ನೂ ತೀರ್ಮಾನವಾಗದ ಹೊತ್ತು. ಸಾಧ್ಯವಿದ್ದರೆ ಸೊಲ್ಲಾಪುರದ ಸರ್ಕಾರಿ ಸರ್ವೋಪಚಾರ ಆಸ್ಪತ್ರೆಯಂಥ ಕಡೆ, ಅಥವಾ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಮೊದಲ ದಿನವೇ ವಿಚಾರಿಸಿ. ವೈದ್ಯರಿಗೆ ಮೂರು ಪ್ರಶ್ನೆ ಕೇಳಿ: ಹೃದಯ ಎಷ್ಟು ನಿಮಿಷ ನಿಂತಿತ್ತು? ಯಾಕೆ ನಿಂತಿತು? ರಕ್ತದೊತ್ತಡದ ಔಷಧಿ ನಿನ್ನೆಗಿಂತ ಇವತ್ತು ಕಡಿಮೆಯಾಗಿದೆಯೇ? ಮೂರನೆಯದಕ್ಕೆ ಹೌದು ಅಂದರೆ ಹೃದಯ ಏಳುತ್ತಿದೆ ಅಂತ ತಿಳೀರಿ.

ಪ್ರಶ್ನೆ: ಮನೆಗೆ ಬಂದ ಮೇಲೆ ಮೊದಲಿನ ಹಾಗೆ ದುಡೀಬಹುದಾ?

ಉತ್ತರ: ಅನೇಕರು ದುಡೀತಾರೆ. ಕೆಲವು ವಾರಗಳ ನಂತರ ಎಕೋ ಮತ್ತೆ ಮಾಡಿಸಲೇಬೇಕು, ಆಗ ಕಾಣುವುದೇ ಹೃದಯದ ನಿಜವಾದ ಬಲ. ಸರಿಪಡಿಸಬಹುದಾದ ಕಾರಣ ಸಿಗದೆ ಲಯ ತಪ್ಪಿಯೇ ಹೃದಯ ನಿಂತಿದ್ದರೆ ಐಸಿಡಿ ಎಂಬ ಸಣ್ಣ ಯಂತ್ರವನ್ನು ಚರ್ಮದ ಕೆಳಗೆ ಕೂರಿಸಬೇಕಾಗುತ್ತದೆ. ತಂಬಾಕು ಪೂರ್ತಿ ಬಿಡಬೇಕು, ಬೀಡಿ ಕೂಡ. ಮಾತ್ರೆಗಳನ್ನು "ಈಗ ಆರಾಮ ಅದ" ಅಂತ ತಾವೇ ನಿಲ್ಲಿಸಬಾರದು.

ಸಮಯ ಮುಗೀತಾ ಬಂದಿದೆ. ಚಾಟ್‌ನಲ್ಲಿ ಉಳಿದ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸುತ್ತೇನೆ.