ನೋವನ್ನು ಮರೆಸುವ ಹನಿಯೂ ಮೂಕಪ್ರಾಣಿಯ ಕಣ್ಣೂ

ಗಂಡಸಿಯ ಸುತ್ತಣ ಗ್ರಾಮಗಳ ಹಿರಿಯರು ಕಣ್ಣಿನ ಪೊರೆಯನ್ನು ತೆಗೆಯಿಸಿಕೊಂಡು ಮನೆಗೆ ಬಂದಾಗ, ಆಯುಧವು ತಗಲಿದ್ದೇ ತಮಗೆ ತಿಳಿಯಲಿಲ್ಲವೆಂದು ಆಶ್ಚರ್ಯಪಡುವುದುಂಟು. ಇದಕ್ಕೆ ಕಾರಣವು ಸ್ಥಳೀಯ ಅರಿವಳಿಕೆಯೆಂಬ ಔಷಧವೇ. 1884ನೆಯ ಇಸವಿಯಲ್ಲಿ ವಿಯೆನ್ನಾ ನಗರದ ಕಾರ್ಲ್ ಕೋಲರ್ ಎಂಬ ವೈದ್ಯನು ಕೊಕೇನಿನ ದ್ರಾವಣದಿಂದ ಕಣ್ಣು ಜೋಮುಹಿಡಿಯುವುದನ್ನು ಮೊದಲು ಪ್ರಾಣಿಗಳಲ್ಲಿಯೂ ಅನಂತರ ತನ್ನ ಕಣ್ಣಿನಲ್ಲಿಯೂ ಪರೀಕ್ಷಿಸಿ ನೋಡಿದನು. ಈಗ ಪ್ರೊಪರಕೇನ್ ಮೊದಲಾದ ಹನಿಗಳು ಬಳಕೆಯಲ್ಲಿವೆ.

ಆದರೆ ಈ ಉಪಕಾರದೊಳಗೆ ಒಂದು ಅಪಾಯವೂ ಅಡಗಿದೆ. ಇಂಥ ಹನಿಯನ್ನು ಪದೇ ಪದೇ ಹಾಕಿದರೆ, ಕಣ್ಣಿನ ಮುಂಭಾಗದಲ್ಲಿರುವ ಕಾರ್ನಿಯಾ ಎಂಬ ತಿಳಿಯಾದ ಪಟಲದ ಮೇಲ್ಪದರವು ಕೆಟ್ಟು, ಗಾಯವು ಮಾಯದೆ ಹೋಗಬಹುದು. ನೋವಿನ ಅರಿವೇ ಇಲ್ಲದ್ದರಿಂದ ರೋಗಿಗೆ ಅದು ಬೇಗನೆ ತಿಳಿಯುವುದಿಲ್ಲ. ಆದಕಾರಣ ಕಣ್ಣಿನ ಔಷಧವನ್ನು ಮುಂಚಿತವಾಗಿ ಪರೀಕ್ಷಿಸುವುದು ಅವಶ್ಯವು.

1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಎಂಬವರು ಒಂದು ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ಜೀವಂತ ಮೊಲದ ಕಣ್ಣಿಗೆ ವಸ್ತುವನ್ನು ಹಾಕಿ, ಕೆಂಪನ್ನೂ ಮಬ್ಬನ್ನೂ ದಿನದಿನವೂ ನೋಡಿ ಅಂಕ ಹಾಕುವುದೇ ಆ ಕ್ರಮ. ಬಾಯಿಲ್ಲದ ಆ ಪ್ರಾಣಿಯ ಸಂಕಟವನ್ನು ಕಂಡು ಅನೇಕರು ಬೇರೆ ದಾರಿಯನ್ನು ಹುಡುಕಿದರು.

ಆ ದಾರಿಗಳಲ್ಲೊಂದಕ್ಕೆ 2009ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆಹಾರಕ್ಕಾಗಿ ಕೊಯ್ದ ದನದ ಕಣ್ಣುಗಳನ್ನು ಕಸಾಯಿಖಾನೆಯಿಂದ ಹೊಸದಾಗಿಯೇ ತಂದು, ಕಾರ್ನಿಯಾವನ್ನು ಬಿಡಿಸಿ, ಎರಡು ಚಿಕ್ಕ ಕೋಣೆಗಳ ನಡುವೆ ಬಿಗಿಯುವರು. ದ್ರವವಸ್ತುವನ್ನು 10 ನಿಮಿಷ ಅದರ ಮೇಲಿರಿಸಿ ತೊಳೆಯುವರು. ಬಳಿಕ ಪಟಲದ ಮೂಲಕ ಬೆಳಕು ಎಷ್ಟು ಹಾಯುವುದೆಂದೂ, ಫ್ಲೋರೆಸೀನ್ ಎಂಬ ಬಣ್ಣವು ಎಷ್ಟು ಸೋರುವುದೆಂದೂ ಅಳೆಯುವರು. ಪಟಲವು ಮಬ್ಬಾದಷ್ಟೂ, ಬಣ್ಣವು ಸೋರಿದಷ್ಟೂ ಹಾನಿಯು ಹೆಚ್ಚೆಂದು ತಿಳಿಯಬೇಕು. ಮನುಷ್ಯರ ಜೀವಕೋಶಗಳನ್ನು ಪಾತ್ರೆಯಲ್ಲಿ ಬೆಳೆಯಿಸಿ, ಕಾರ್ನಿಯಾದ ಮೇಲ್ಪದರದಂಥ ಪದರವನ್ನು ಮಾಡಿ ಪರೀಕ್ಷಿಸುವ ಕ್ರಮವೂ ಉಂಟು.

ಇವುಗಳಿಗೂ ಮಿತಿಯಿದೆ. ಬೇರ್ಪಡಿಸಿದ ಪಟಲವು ತೀವ್ರ ಹಾನಿಯನ್ನು ಚೆನ್ನಾಗಿ ತೋರಿಸುವುದಾದರೂ, ವಾರಗಟ್ಟಲೆ ಹನಿ ಹಾಕಿದರೆ ಗಾಯವು ಹೇಗೆ ಮಾಯುವುದೆಂಬುದನ್ನು ತಿಳಿಸಲಾರದು. ಆದದರಿಂದ ಒಂದೇ ಪರೀಕ್ಷೆಯನ್ನು ನಂಬದೆ ಹಲವನ್ನು ಕೂಡಿಸಿ ನೋಡುತ್ತಾರೆ. ನಮ್ಮ ದೇಶದಲ್ಲಿಯೂ 2023ರ ನಿಯಮಗಳ ತಿದ್ದುಪಡಿಯು ಹೊಸ ಔಷಧಗಳ ಪರೀಕ್ಷೆಯಲ್ಲಿ ಇಂಥ ಪ್ರಾಣಿರಹಿತ ಕ್ರಮಗಳಿಗೆ ಎಡೆಗೊಟ್ಟಿದೆ.

ಪ್ರಿಯ ಸೋದರಿಯರೇ, ಮಾತೆಯರೇ, ಪಿತೃಗಳೇ, ದೇವರ ಸೃಷ್ಟಿಯಾದ ಮೂಕಪ್ರಾಣಿಗಳಿಗೆ ದಯೆ ತೋರಿಸುವುದು ವಿದ್ಯೆಗೆ ಅಡ್ಡಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಯಾವ ಪರೀಕ್ಷೆಯೂ ನಮ್ಮ ಅಜಾಗ್ರತೆಗೆ ಮದ್ದಲ್ಲ. ಜೋಮುಹಿಡಿಸುವ ಹನಿಯು ವೈದ್ಯರ ಕೈಯಲ್ಲಿಯೇ ಇರಲಿ; ಕಣ್ಣು ನೋಯುವಾಗ ಅದನ್ನು ಮನೆಯಲ್ಲಿ ನಾವಾಗಿಯೇ ಹಾಕಿಕೊಳ್ಳಬಾರದು. ನೋವು ಕಣ್ಣಿನ ಕಾವಲುಗಾರನು; ಅವನ ಬಾಯನ್ನು ಕಟ್ಟುವ ಮೊದಲು ವೈದ್ಯರನ್ನು ಕೇಳೋಣ.