ಕರುಣರಸವೂ ಚಲಚ್ಚಿತ್ರವೂ

ಭರತನ ರಸಸೂತ್ರವು ರಂಗಭೂಮಿಗಾಗಿ ಹುಟ್ಟಿದುದು. ಚಲಚ್ಚಿತ್ರಕ್ಕೆ ಅದು ಸಲ್ಲದೆಂಬ ವಾದವುಂಟು. ಈ ವಾದವನ್ನು ಒರೆಗೆ ಹಚ್ಚಲು ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯ (1955) ಒಂದು ಸನ್ನಿವೇಶವೇ ಸಾಕು. ಬಹುಕಾಲದ ಮೇಲೆ ಊರಿಗೆ ಮರಳಿದ ಹರಿಹರನು, ಮಗಳು ದುರ್ಗೆ ತೀರಿಹೋದುದನ್ನರಿಯದೆ, ಅವಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಸರ್ವಜಯೆ ಅದನ್ನು ಬಾಯಿಗೊತ್ತಿಕೊಂಡು ಕುಸಿಯುತ್ತಾಳೆ. (ಪಾತ್ರಧಾರಿಣಿಯ ಹೆಸರೂ ಕರುಣಾ ಎಂಬುದು ಕಾಕತಾಳೀಯ.) ಅವಳು ಅಳುವುದು ಕಾಣುತ್ತದೆ, ಅಳು ಕೇಳಿಸದು; ಅದರ ಸ್ಥಾನದಲ್ಲಿ ತಾರ್ ಶಹನಾಯಿಯೆಂಬ ತಂತಿವಾದ್ಯವು ತಾರಸ್ಥಾಯಿಯಲ್ಲಿ ಮೊರೆಯುತ್ತದೆ.

ಸೀರೆ ಉದ್ದೀಪನವಿಭಾವ, ಕುಸಿತ ಅನುಭಾವ, ಸ್ಥಾಯಿ ಶೋಕ. ಇಷ್ಟನ್ನು ಯಾವ ವಿದ್ಯಾರ್ಥಿಯೂ ಗುರುತಿಸಬಲ್ಲನು. ವಿಚಾರಾರ್ಹವಾದುದು ರೋದನವನ್ನು ತೆಗೆದುಹಾಕಿದ ಕ್ರಮ. ಕಂಠವು ಒಬ್ಬ ವ್ಯಕ್ತಿಯದು. ಅದು ಕೇಳಿಸಿದ್ದರೆ ಪ್ರೇಕ್ಷಕನಿಗೆ ಆಕೆಯ ಮೇಲೆ ಮರುಕ ಹುಟ್ಟುತ್ತಿತ್ತು, ಅಷ್ಟೆ. ವಾದ್ಯದ ನಾದಕ್ಕೆ ಊರು ಹೆಸರುಗಳಿಲ್ಲ. ಆದುದರಿಂದ ಶೋಕವು ಸರ್ವಜಯೆಯೊಬ್ಬಳದಾಗಿ ಉಳಿಯದೆ ಸಹೃದಯನ ಆಸ್ವಾದಕ್ಕೆ ಬರುತ್ತದೆ. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದುದು, ಅಭಿನವಗುಪ್ತನು ಅಂಗೀಕರಿಸಿ ಬೆಳೆಸಿದುದು ಇದನ್ನೇ.

ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಆಲಂಕಾರಿಕರು ದೋಷವೆಂದರು. ನಮ್ಮ ಎಷ್ಟೋ ಚಿತ್ರಗಳ ದೀರ್ಘವಿಲಾಪಗಳು ಆ ದೋಷವನ್ನೇ ಗುಣವೆಂದು ಬಗೆದಿವೆ. ಇಲ್ಲಿ ಮಗಳು ಸತ್ತಳೆಂದು ಸರ್ವಜಯೆ ಬಾಯಿಬಿಟ್ಟು ಹೇಳುವುದೇ ಇಲ್ಲ.